ಒಣಗಿಸಿದರೆ ಹಾರಿಹೋಗುವ ಸಾರ

ಕಳೆದ ಬೇಸಗೆಯಲ್ಲಿ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ಪ್ರಯೋಗಾಲಯಕ್ಕೆ ಕಳುಹಿಸಲೆಂದು ಹಟ್ಟಿಗೊಬ್ಬರದ ಪೊಟ್ಟಣ ಹಿಡಿದು ಬಂದಿದ್ದರು. ಅಡಿಕೆ ಹರಡುವ ಅಂಗಳದಲ್ಲಿ ಎರಡು ದಿನ ಒಣಗಿಸಿ, ಕೈಯಲ್ಲಿ ಉಜ್ಜಿ, ಜರಡಿ ಹಿಡಿದು ತಂದಿದ್ದರು. ಬೆರಳ ಸಂದಿನಿಂದ ಕಾಫಿಪುಡಿಯ ಹಾಗೆ ಉದುರುತ್ತಿತ್ತು, ವಾಸನೆಯೇ ಇರಲಿಲ್ಲ. ಮಣ್ಣು ಪರೀಕ್ಷೆಗಾದರೆ ಒಣಗಿಸುವುದು ಸರಿ. ಗೊಬ್ಬರಕ್ಕೆ ಅದೇ ಮುಳುವು. ಅಳೆಯಬೇಕಾದ ವಸ್ತುವಿನ ಒಂದು ಪಾಲು ಅಂಗಳದಿಂದಲೇ ಗಾಳಿಗೆ ಸೇರಿಹೋಗಿತ್ತು.

ಆ ವಸ್ತು ಅಮೋನಿಯಾ, ಗಿಡಕ್ಕೆ ಬೇಕಾದ ಸಾರಜನಕವನ್ನು ಹೊತ್ತ ಅನಿಲ. ಗಂಜಳದಲ್ಲಿ ಯೂರಿಯಾ ಇದೆ; ಅದನ್ನು ಒಡೆಯುವ ಯೂರಿಯೇಸ್ ಎಂಬ ಕಿಣ್ವ ಸೆಗಣಿಯ ಸೂಕ್ಷ್ಮಜೀವಿಗಳಲ್ಲಿದೆ. ಹಟ್ಟಿಯ ನೆಲದಲ್ಲಿ ಎರಡೂ ಸೇರಿದರೆ ಅಮೋನಿಯಾ ಹುಟ್ಟುತ್ತದೆ. ತೇವ ಇರುವಾಗ ಅದು ಹೈಡ್ರೋಜನ್ ಅಯಾನೊಂದನ್ನು ಕಟ್ಟಿಕೊಂಡು ಅಮೋನಿಯಮ್ ಆಗಿ ನೀರಿನಲ್ಲೇ ಉಳಿಯುತ್ತದೆ. ಆ ಅಯಾನು ಕರುವಿನ ಕೊರಳ ಹಗ್ಗ. ಹಗ್ಗ ಇರುವವರೆಗೆ ಕರು ಹಟ್ಟಿಯಲ್ಲಿ, ಬಿಚ್ಚಿದರೆ ಗುಡ್ಡೆಗೆ. ಬಿಚ್ಚುವ ಕೈ ಕ್ಷಾರದ್ದು. ಆಮ್ಲ-ಕ್ಷಾರದ ಅಳತೆಯಾದ ರಸಸಾರ (pH) 7 ಇದ್ದಾಗ ನೂರರಲ್ಲಿ ಒಂದು ಪಾಲೂ ಬಿಡಿಸಿಕೊಂಡಿರುವುದಿಲ್ಲ. 9ಕ್ಕೆ ಏರಿದರೆ ಸುಮಾರು ಮೂರನೆಯ ಒಂದು ಪಾಲು ಹಾರಲು ಸಿದ್ಧವಾಗಿರುತ್ತದೆ. ಕ್ಷಾರವೇ ಆದ ಬಚ್ಚಲೊಲೆಯ ಬೂದಿಯನ್ನು ಗೊಬ್ಬರದ ಗುಂಡಿಗೆ ಸುರಿಯುವ ನಮ್ಮ ಮನೆಗಳ ಪದ್ಧತಿ ಮಾಡುವುದು ಇದನ್ನೇ. ಬೂದಿಯಲ್ಲಿ ಪೊಟ್ಯಾಶ್ ಇದೆ, ನಿಜ; ಅದನ್ನು ನೇರವಾಗಿ ಮರದ ಬುಡಕ್ಕೆ ಹಾಕಿ.

"ಮೂಗಿಗೆ ಹೊಡೆಯುವಷ್ಟು ಖಾರ ಇದ್ದರೆ ಒಳ್ಳೆಯ ಗೊಬ್ಬರ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೂಗಿಗೆ ಬಂದದ್ದು ತೋಟಕ್ಕೆ ಹೋಗುವುದಿಲ್ಲ.

ವಿಶೇಷವೆಂದರೆ ಪ್ರಯೋಗಾಲಯವೂ ಈ ಹಗ್ಗದ ಆಟವನ್ನೇ ಆಡುತ್ತದೆ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್, ಧಾನ್ಯದ ಪ್ರೋಟೀನ್ ಅಳೆಯಲು ದಾರಿ ಹುಡುಕಿದ. ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿದರೆ ಪ್ರೋಟೀನಿನಲ್ಲಿರುವ ಸಾರಜನಕ ಅಮೋನಿಯಮ್ ಆಗಿ ಕಟ್ಟುಬೀಳುತ್ತದೆ. ಮೇಲೆ ಕ್ಷಾರ ಸುರಿದರೆ ಹಗ್ಗ ಬಿಚ್ಚಿ ಅಮೋನಿಯಾ ಆವಿಯೊಂದಿಗೆ ಏಳುತ್ತದೆ. ಕೊಳವೆಯ ಆಚೆ ತುದಿಯಲ್ಲಿ ಅದನ್ನು ಆಮ್ಲದಲ್ಲಿ ಹಿಡಿದು ಅಳೆದ. ಬೂದಿ ಬಿದ್ದ ಗುಂಡಿಯಲ್ಲಿ ನಡೆಯುವುದೂ ಇದೇ, ಆಚೆ ತುದಿಯಲ್ಲಿ ಹಿಡಿಯುವವರು ಮಾತ್ರ ಇಲ್ಲ.

ಕುದಿಯುವ ಆ ಪಾತ್ರೆಗೆ ಬೀಳುವುದು ಒಂದೆರಡು ಗ್ರಾಂ ಗೊಬ್ಬರ. ಅನ್ನ ಬೆಂದಿತೇ ಎಂದು ತಿಳಿಯಲು ಒಂದಗುಳು ಸಾಕು ಎನ್ನುತ್ತೇವೆ. ಕುದಿಯುವ ನೀರು ಅಕ್ಕಿಯನ್ನೆಲ್ಲ ಒಂದೇ ಸಮ ಬೇಯಿಸುವುದರಿಂದ ಅಲ್ಲಿ ಆ ಮಾತು ಸರಿ. ಗೊಬ್ಬರದ ರಾಶಿಯನ್ನು ಯಾರೂ ಹಾಗೆ ಬೇಯಿಸಿಲ್ಲ. ಮೇಲೆ ಬಿಸಿಲಿಗೆ ಬಿಳಿಚಿದ ಹೊಪ್ಪಳೆ, ಒಂದು ಮೊಳ ಕೆಳಗೆ ಅರ್ಧ ಕೊಳೆತ ಸೊಪ್ಪು, ಅದರಡಿಯಲ್ಲಿ ಬೆಣ್ಣೆಯಂಥ ಕಪ್ಪು ಸೆಗಣಿ. ಮಳೆ ಬಿದ್ದ ರಾಶಿಯಾದರೆ ಮೇಲ್ಪದರದ ಪೊಟ್ಯಾಶ್ ಆಗಲೇ ತೊಳೆದುಹೋಗಿರುತ್ತದೆ. ಆದ್ದರಿಂದ ಹತ್ತು ಹದಿನೈದು ಕಡೆ, ಮೊಳದಾಳಕ್ಕೆ ಅಗೆದು ತೆಗೆದು ಪ್ಲಾಸ್ಟಿಕ್ ಬಕೆಟಿಗೆ ಹಾಕಬೇಕು. ತಗಡಿನ ಬಕೆಟ್ ತನ್ನ ಸತುವನ್ನು ಬೆರೆಸುತ್ತದೆ. ಚೆನ್ನಾಗಿ ಕಲಸಿ ಗುಡ್ಡೆ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡನ್ನು ಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ಫ್ರಿಜ್‌ನಲ್ಲಿಟ್ಟು, ದಾರಿಯಲ್ಲಿ ಭಾನುವಾರ ಸಿಕ್ಕಿ ತಡವಾಗದಂತೆ ಸೋಮವಾರವೇ ಕಳುಹಿಸಿ. ಗೋಬರ್ ಗ್ಯಾಸಿನ ಸ್ಲರಿಯಾದರೆ ಕಲಕದೆ ಮುಟ್ಟಬೇಡಿ, ರಂಜಕ ತಳದ ಗಸಿಯಲ್ಲಿರುತ್ತದೆ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಆ ಕೃಷಿಕರು ಕೇಳಿದರು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಜೊತೆಗೆ 12 ಕಿಲೋ ಗೊಬ್ಬರ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಶಿಫಾರಸು. ಗೊಬ್ಬರದಲ್ಲಿ ಶೇಕಡಾ 0.5 ಸಾರಜನಕ ಇದ್ದರೆ 12 ಕಿಲೋದಲ್ಲಿ 60 ಗ್ರಾಂ, 0.3 ಇದ್ದರೆ 36 ಗ್ರಾಂ. ಸಾವಿರ ಮರದ ತೋಟದಲ್ಲಿ ಈ ವ್ಯತ್ಯಾಸ 24 ಕಿಲೋ ಸಾರಜನಕ.

ಅವರು ಪೊಟ್ಟಣವನ್ನು ನಮ್ಮ ಬಸಳೆಯ ಬುಡಕ್ಕೆ ಸುರಿದು ಮನೆಗೆ ಹೋದರು. ಮರುದಿನ ಬೆಳಗ್ಗೆ ನಾನು ಅವರ ಹಟ್ಟಿಯ ಹಿಂದೆ ಹೋದಾಗ ರಾಶಿಯ ಏಳನೆಯ ಕಡೆ ಅಗೆಯುತ್ತಿದ್ದರು. ಹಾರೆ ಎತ್ತಿದಲ್ಲೆಲ್ಲ ಹಬೆ ಏಳುತ್ತಿತ್ತು, ಬಕೆಟಿನ ಬಾಯಿಗೆ ಒದ್ದೆ ಗೋಣಿ ಮುಚ್ಚಿತ್ತು.