ಹತ್ತು ಕಿಲೋಮೀಟರಿನೊಳಗಿನ ಇನ್ನೂರು ಮೀಟರು

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರಿನ ಫುಟ್‌ಬಾಲ್ ಪಂದ್ಯದಲ್ಲಿ ಸುನಿಲ್ ಛೆಟ್ರಿ ತಲೆಯಿಂದ ಹೊಡೆದದ್ದು ಭಾರತದ ಪರ ಅವರ 95ನೇ ಗೋಲು. ಆಗ ಅವರಿಗೆ 40 ವರ್ಷ ಏಳು ತಿಂಗಳು. ಮೊದಲನೆಯ ಗೋಲು ಬಂದದ್ದು 2005ರ ಜೂನ್‌ನಲ್ಲಿ, ಕ್ವೆಟ್ಟಾದಲ್ಲಿ, ಪಾಕಿಸ್ತಾನದ ವಿರುದ್ಧ. ಅಂತರ ಹತ್ತಿರಹತ್ತಿರ ಇಪ್ಪತ್ತು ವರ್ಷ. ನಡುವೆ ಒಮ್ಮೆ ನಿವೃತ್ತಿಯೂ ಆಗಿತ್ತು. ಬೆಳಗಾವಿಯ ಲೇಲೆ ಮೈದಾನದ ಅಂಚಿನಲ್ಲಿ ನಿಂತು ಆಟ ನೋಡುವವರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಮೈ ಛಲೋ ಕಾಯ್ಕೊಂಡಾನ ನೋಡ್ರಿ." ಮಾತು ಸರಿಯೇ. ಆದರೆ ಮೈಯಲ್ಲಿ ಕಾಯ್ದುಕೊಳ್ಳಬೇಕಾದದ್ದು ಯಾವುದು ಎಂಬುದರಲ್ಲೇ ನಮ್ಮ ಊರಿನ ಬಹುಪಾಲು ಆಟಗಾರರು ಎಡವುತ್ತಾರೆ.

ಲೆಕ್ಕ ಇಲ್ಲಿಂದ ಶುರುವಾಗಲಿ. 90 ನಿಮಿಷದ ಪಂದ್ಯದಲ್ಲಿ ವೃತ್ತಿಪರ ಸ್ಟ್ರೈಕರ್, ಅಂದರೆ ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವ ಆಟಗಾರ, ಸುಮಾರು 10 ಕಿಲೋಮೀಟರ್ ಸುತ್ತುತ್ತಾನೆ. ಅದರಲ್ಲಿ ಹೆಚ್ಚಿನದು ನಡಿಗೆ, ಹಗುರ ಓಟ. ಗಂಟೆಗೆ 25 ಕಿಲೋಮೀಟರ್ ವೇಗ ದಾಟಿ ಓಡುವುದು ಒಟ್ಟು 200-300 ಮೀಟರ್ ಮಾತ್ರ. ಅದೂ ಎರಡು-ಮೂರು ಸೆಕೆಂಡಿನ ತುಂಡುತುಂಡು ಓಟಗಳಲ್ಲಿ. ಉಳಿದ ಒಂಬತ್ತು ಚಿಲ್ಲರೆ ಕಿಲೋಮೀಟರನ್ನು ವಯಸ್ಸು ಅಷ್ಟಾಗಿ ಕಸಿಯುವುದಿಲ್ಲ. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ. 10 ಇಳಿಯುತ್ತದೆ, ತರಬೇತಿ ಬಿಡದವರಲ್ಲಿ ಈ ಇಳಿಕೆ ಅರ್ಧದಷ್ಟೇ. 38ರ ಆಟಗಾರ ದಮ್ಮು ಕಟ್ಟಿ ಕೂತುಬಿಡುವುದು ಅಪರೂಪ. ಅವನ ಕೈಬಿಡುವುದು ಆ ಇನ್ನೂರು ಮೀಟರು.

ಏಕೆಂದರೆ ಸ್ನಾಯುವಿನ ಎಲ್ಲ ಎಳೆಗಳೂ ಒಂದೇ ಬಗೆಯಲ್ಲಿ ಮುಪ್ಪಾಗುವುದಿಲ್ಲ. ನಿಧಾನ ಎಳೆಗಳು ದಣಿಯದೆ ದುಡಿಯುತ್ತವೆ. ವೇಗದ ಎಳೆಗಳು ಥಟ್ಟನೆ ಬಲ ಕೊಟ್ಟು ಬೇಗ ಸುಸ್ತಾಗುತ್ತವೆ. ವಯಸ್ಸಾದಂತೆ ವೇಗದ ಎಳೆಗಳನ್ನು ಆಳುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ದಿಕ್ಕಿಲ್ಲದಂತಾದ ಎಳೆಗಳಲ್ಲಿ ಕೆಲವು ಕ್ಷಯಿಸುತ್ತವೆ, ಕೆಲವನ್ನು ಪಕ್ಕದ ನಿಧಾನ ನರಗಳು ತಮ್ಮ ಗುಂಪಿಗೆ ಸೇರಿಸಿಕೊಳ್ಳುತ್ತವೆ. ಇದರ ಪರಿಣಾಮ ಹೆಜ್ಜೆಯಲ್ಲಿ ಕಾಣುತ್ತದೆ. ವಯಸ್ಸಾದ ಓಟಗಾರರ ಹೆಜ್ಜೆಗಳ ಸಂಖ್ಯೆ ಅಷ್ಟೇನೂ ಕಮ್ಮಿಯಾಗುವುದಿಲ್ಲ. ಹೆಜ್ಜೆಯ ಉದ್ದ ಕುಗ್ಗುತ್ತದೆ, ಪಾದ ನೆಲಕ್ಕೆ ತಾಗಿರುವ ಹೊತ್ತು ಹೆಚ್ಚುತ್ತದೆ. ಪೂರ್ಣ ವೇಗಕ್ಕೆ ಕರೆ ಹೋಗದ ಎಳೆಗಳು ಇನ್ನೂ ಬೇಗ ಸೊರಗುತ್ತವೆ. "ವಯಸ್ಸಾಯ್ತು, ಜೋರಾಗಿ ಓಡೋದು ಬಿಡ್ತೀನಿ, ಹಗುರಾಗಿ ನಾಲ್ಕು ಸುತ್ತು ಹಾಕ್ತೀನಿ" ಎನ್ನುವ ನಿರ್ಧಾರ ಇರುವುದನ್ನೂ ಕಳೆದುಕೊಳ್ಳುವ ದಾರಿ.

ಸ್ಟ್ರೈಕರ್‌ನ ಆಯುಸ್ಸನ್ನು ತಿನ್ನುವ ಮೊದಲ ಗಾಯ ತೊಡೆಯ ಹಿಂಭಾಗದ್ದು, ಅಂದರೆ ಹ್ಯಾಮ್‌ಸ್ಟ್ರಿಂಗ್. ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯಗಳನ್ನು 2001ರಿಂದ ದಾಖಲಿಸುತ್ತ ಬಂದಿರುವ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಅಧ್ಯಯನದ ಪ್ರಕಾರ, ಒಟ್ಟು ಗಾಯಗಳಲ್ಲಿ ಇದರ ಪಾಲು 2001-02ರಲ್ಲಿ ಶೇ. 12 ಇದ್ದದ್ದು 2021-22ಕ್ಕೆ ಶೇ. 24 ಆಗಿದೆ.

ಈ ಸ್ನಾಯು ಹರಿಯುವ ಕ್ಷಣವನ್ನು ಹತ್ತಿರದಿಂದ ನೋಡಬೇಕು. ಪೂರ್ಣ ವೇಗದಲ್ಲಿ ಓಡುವಾಗ ಒಂದು ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸುತ್ತದೆ, ಮಂಡಿ ನೇರವಾಗುತ್ತ ಹೋಗುತ್ತದೆ. ಪಾದ ನೆಲ ಮುಟ್ಟುವ ಮುನ್ನ ಆ ಬೀಸನ್ನು ತಡೆಯುವ ಕೆಲಸ ತೊಡೆಯ ಹಿಂದಿನ ಸ್ನಾಯುವಿನದು. ಅಂದರೆ ಅದು ಉದ್ದಕ್ಕೆ ಎಳೆಸಿಕೊಳ್ಳುತ್ತಲೇ ಹಿಂದಕ್ಕೆ ಜಗ್ಗಬೇಕು. ಮೂರು ಸ್ನಾಯುಗಳ ಈ ಗುಂಪಿನಲ್ಲಿ ಹೊರಬದಿಯ ಬೈಸೆಪ್ಸ್ ಫೆಮೊರಿಸ್ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ನಾಯು ಹರಿಯುವುದು ಬಹುಪಾಲು ಅಲ್ಲಿಯೇ. ಪಂದ್ಯದ ಒಂದೊಂದು ಅರ್ಧದ ಕೊನೆಯ ಹದಿನೈದು ನಿಮಿಷದಲ್ಲಿ ಇದು ಹೆಚ್ಚು, ಏಕೆಂದರೆ ದಣಿದ ಸ್ನಾಯುವಿಗೆ ತಡೆಯುವ ಶಕ್ತಿ ಕಮ್ಮಿ. ಹಿಂದೊಮ್ಮೆ ಹರಿದವರಲ್ಲಿ ಮತ್ತು ವಯಸ್ಸಾದವರಲ್ಲಿ ಇನ್ನೂ ಹೆಚ್ಚು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕುಸ್ತಿಯ ಸೀಮೆ. ಕಾಲಿಗೆ ಬಲ ಬೇಕೆಂದರೆ ಹಿರಿಯರು ಗರಡಿಮನೆಯ ಬೈಠಕ್ಕನ್ನೇ ಹೇಳುತ್ತಾರೆ. ಪೈಲ್ವಾನರಿಗೆ ಅದು ಸರಿ. ಸ್ಟ್ರೈಕರ್‌ಗೆ ಅದರಿಂದ ತೊಡೆಯ ಮುಂಭಾಗ ಬೆಳೆಯುತ್ತದೆ, ಬೀಸು ಇನ್ನಷ್ಟು ಬಲವಾಗುತ್ತದೆ. ಅದನ್ನು ತಡೆಯುವ ಹಿಂಭಾಗ ಇದ್ದಲ್ಲೇ ಇರುತ್ತದೆ. ಆ ಕೊರತೆಯನ್ನು ತುಂಬುವ ವ್ಯಾಯಾಮ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್. ಖರ್ಚಿಲ್ಲ, ಒಬ್ಬ ಜೊತೆಗಾರ ಸಾಕು. ಮಂಡಿಯ ಕೆಳಗೆ ಮಡಿಸಿದ ಗೋಣಿಚೀಲವನ್ನೋ ಟವೆಲನ್ನೋ ಹಾಕಿ ಮೊಣಕಾಲೂರಬೇಕು. ಜೊತೆಗಾರ ಹಿಂದೆ ಕೂತು ಎರಡೂ ಹಿಮ್ಮಡಿಯ ಮೇಲ್ಭಾಗವನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ಭುಜದವರೆಗೆ ಮೈ ಒಂದೇ ಗೆರೆಯಲ್ಲಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತ, ಇನ್ನು ತಡೆಯಲಾಗದು ಎಂಬಲ್ಲಿ ಕೈಯೂರಿ, ಕೈಯಿಂದಲೇ ತಳ್ಳಿ ಮೇಲೇಳಬೇಕು.

ಮೊದಲ ವಾರ ಒಂದೇ ದಿನ, ಐದೈದರ ಎರಡು ಸುತ್ತು. ಎರಡನೇ ವಾರ ಎರಡು ದಿನ, ಆರಾರರ ಎರಡು ಸುತ್ತು. ಮೂರನೇ ವಾರದಿಂದ ಮೂರು ದಿನ, ಮೂರು ಸುತ್ತು. ಎಣಿಕೆ ಮೊದಲು ಆರರಿಂದ ಎಂಟು, ನಾಲ್ಕನೇ ವಾರ ಎಂಟರಿಂದ ಹತ್ತು. ಐದರಿಂದ ಹತ್ತನೇ ವಾರದವರೆಗೆ 12, 10, 8ರಂತೆ ಮೂರು ಸುತ್ತು. ಆಮೇಲೆ ವಾರಕ್ಕೊಂದು ದಿನ ಸಾಕು, ಆದರೆ ಅದನ್ನು ಬಿಡುವಂತಿಲ್ಲ. ಇದನ್ನು ಅಳವಡಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕಿಳಿದಿರುವುದು ಅಧ್ಯಯನಗಳಲ್ಲಿ ಕಂಡಿದೆ. ಸ್ನಾಯುವಿನ ಎಳೆಗಟ್ಟುಗಳು ಉದ್ದವಾಗುವುದು, ಎಳೆಸಿಕೊಳ್ಳುವಾಗಿನ ಬಲ ಹೆಚ್ಚುವುದು, ಇವೆರಡೂ ಅದಕ್ಕೆ ಕಾರಣ.

ಕೆಡುವುದೂ ಇಲ್ಲಿಯೇ. ಸೊಂಟವನ್ನು ಹಿಂದಕ್ಕೆ ಮಡಿಸಿದರೆ ಭಾರ ತಪ್ಪುತ್ತದೆ, ಮಾಡಿದ ಎಣಿಕೆಯಷ್ಟೇ ಉಳಿಯುತ್ತದೆ. ಮೊದಲ ದಿನವೇ ಹುರುಪಿನಿಂದ ಮೂವತ್ತು ಮಾಡಿದವನು ಮೂರು ದಿನ ಮೆಟ್ಟಿಲು ಇಳಿಯಲಾರ, ನಾಲ್ಕನೇ ದಿನ ವ್ಯಾಯಾಮವನ್ನೇ ಬಿಡುತ್ತಾನೆ. ಪಂದ್ಯದ ಹಿಂದಿನ ದಿನ ಮಾಡುವುದಂತೂ ಶುದ್ಧ ತಪ್ಪು. ವಾರಕ್ಕೊಂದೇ ದಿನ ಮಾಡುವಾಗ, ಭಾನುವಾರ ಪಂದ್ಯವಿದ್ದರೆ ಬುಧವಾರ, ಅಭ್ಯಾಸ ಮುಗಿದ ಮೇಲೆ.

ನಾರ್ಡಿಕ್ ಒಂದೇ ಸಾಲದು. ಪೂರ್ಣ ವೇಗದ ಓಟಕ್ಕೆ ಪೂರ್ಣ ವೇಗದ ಓಟವೇ ತಯಾರಿ. ಚೆನ್ನಾಗಿ ಮೈ ಬಿಸಿಯಾದ ಮೇಲೆ 30-40 ಮೀಟರಿನ ನಾಲ್ಕರಿಂದ ಆರು ಓಟ, ತನ್ನ ಗರಿಷ್ಠ ವೇಗದ ಶೇ. 90-95ರಲ್ಲಿ, ಪ್ರತಿ ಓಟದ ನಂತರ ಎರಡು-ಮೂರು ನಿಮಿಷ ಬಿಡುವು. ವಾರಕ್ಕೆ ಒಂದು ಸಲ, ಪಂದ್ಯವಿಲ್ಲದ ವಾರ ಎರಡು ಸಲ. ಬಿಡುವನ್ನು ಕಡಿತಗೊಳಿಸಿದರೆ ಅದು ದಮ್ಮಿನ ಅಭ್ಯಾಸವಾಗುತ್ತದೆ, ವೇಗದ್ದಾಗುವುದಿಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಮೈದಾನ ರಾಡಿಯಾಗುತ್ತದೆ. ತಿಂಗಳುಗಟ್ಟಲೆ ಯಾರೂ ಪೂರ್ಣ ವೇಗ ಮುಟ್ಟಿರುವುದಿಲ್ಲ. ಮಳೆ ನಿಂತ ಮೇಲಿನ ಮೊದಲ ಟೂರ್ನಿಯಲ್ಲಿ ತೊಡೆ ಹಿಡಿದುಕೊಂಡು ಹೊರನಡೆಯುವವರಿಗೆ ಆದದ್ದು ಇದೇ. ಮಳೆಗಾಲದಲ್ಲಿ ಸಣ್ಣ ಏರಿನ ಗಟ್ಟಿ ದಾರಿಯೊಂದನ್ನು ಹುಡುಕಿ 20 ಮೀಟರಿನ ಓಟ ಮುಂದುವರಿಸಬಹುದು. ಏರಿನಲ್ಲಿ ಗರಿಷ್ಠ ವೇಗ ಸಿಗದು, ಸ್ನಾಯುವಿನ ಎಳೆತವೂ ಕಮ್ಮಿ. ಹಾಗಾಗಿ ಅದು ಸೇತುವೆಯಷ್ಟೇ, ಒಣ ನೆಲಕ್ಕೆ ಮರಳಿದಾಗ ಎರಡು-ಮೂರು ವಾರದಲ್ಲಿ ವೇಗವನ್ನು ಹಂತಹಂತವಾಗಿ ಏರಿಸಬೇಕು.

ಹರಿದೇಬಿಟ್ಟರೆ? ಬಿಸಿ ಎಣ್ಣೆ ಹಾಕಿ ಗಸಗಸ ತಿಕ್ಕಿಸುವ ಅಭ್ಯಾಸ ನಮ್ಮಲ್ಲಿದೆ. ಮೊದಲ ಎರಡು-ಮೂರು ದಿನ ಒಳಗೆ ರಕ್ತ ಒಸರುತ್ತಿರುತ್ತದೆ. ಆಗ ತಿಕ್ಕುವುದು, ಜಗ್ಗುವುದು ಎರಡೂ ಬೇಡ. ಒತ್ತುಪಟ್ಟಿ ಕಟ್ಟಿ, ನೋವಾಗದಷ್ಟು ನಡೆದಾಡುವುದು ಒಳ್ಳೆಯದು. ಆಮೇಲೆ ಫಿಸಿಯೋ ಹೇಳಿದಂತೆ ಸ್ನಾಯುವಿಗೆ ಹಗುರ ಭಾರ. ಮರಳಿ ಆಡಲು ನೋವಿಲ್ಲದ ನಡಿಗೆ ಅಳತೆಗೋಲಲ್ಲ. ಹಲವು ಅಭ್ಯಾಸಗಳಲ್ಲಿ ಪೂರ್ಣ ವೇಗದಲ್ಲಿ ಓಡಿ, ಮರುದಿನವೂ ನೋವಿಲ್ಲದಿದ್ದರೆ ಮಾತ್ರ ಪಂದ್ಯ.

ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿಯುವುದು ಬೇರೆಯೇ ಪ್ರಮಾಣದ ಹೊಡೆತ. ಸ್ವೀಡನ್‌ನ ಸ್ಟ್ರೈಕರ್ ಝ್ಲಾಟನ್ ಇಬ್ರಾಹಿಮೊವಿಚ್‌ಗೆ 2017ರ ಏಪ್ರಿಲ್‌ನಲ್ಲಿ, 35ರ ಪ್ರಾಯದಲ್ಲಿ ಮಂಡಿಗೆ ಗಂಭೀರ ಗಾಯವಾಯಿತು. ನವೆಂಬರ್‌ನಲ್ಲೇ ಅವರು ಮೈದಾನಕ್ಕಿಳಿದರು, 2023ರವರೆಗೆ ಆಟಗಾರರಾಗಿ ಉಳಿದರು. ಅದನ್ನು ನೋಡಿ ಊರ ಹುಡುಗರು ಏಳು ತಿಂಗಳ ಲೆಕ್ಕ ಹಾಕಬಾರದು. ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳು ತುಂಬುವ ಮುನ್ನ ಆಟಕ್ಕೆ ಮರಳಿದವರಲ್ಲಿ ಮಂಡಿ ಮತ್ತೆ ಕೆಡುವ ಸಾಧ್ಯತೆ ಎದ್ದು ಕಾಣುವಷ್ಟು ಹೆಚ್ಚು. ಇಲ್ಲಿ ನೆಲದ ಪಾತ್ರವೂ ಇದೆ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಒದ್ದೆ ಎರೆಯಲ್ಲಿ ಬೂಟಿನ ತಳದ ಉದ್ದ ಗುಂಡಿಗಳು, ಅಂದರೆ ಸ್ಟಡ್, ಹೂತು ಪಾದ ನಿಂತುಬಿಡುತ್ತದೆ, ಮೈ ತಿರುಗುತ್ತದೆ, ತಿರುಚು ಮಂಡಿಗೆ ಬರುತ್ತದೆ. ಏಪ್ರಿಲ್‌ನ ಕಲ್ಲಿನಂಥ ನೆಲದಲ್ಲಿ ಅದೇ ಸ್ಟಡ್ ಇಳಿಯುವುದೇ ಇಲ್ಲ; ಅಂಗಾಲು ನೋಯುತ್ತದೆ, ಜಾರುತ್ತದೆ. ಒಣ ಗಟ್ಟಿ ನೆಲಕ್ಕೆ ಗಿಡ್ಡ ರಬ್ಬರ್ ಗುಂಡಿಗಳ ಟರ್ಫ್ ಬೂಟು, ಹುಲ್ಲಿರುವ ನೆಲಕ್ಕೆ ದುಂಡು ಸ್ಟಡ್. ಒಂದೇ ಜೋಡಿಯನ್ನು ವರ್ಷವಿಡೀ ಹಾಕುವುದು ಉಳಿತಾಯವಲ್ಲ.

ಊಟದ ಬಗ್ಗೆ ಸ್ವಲ್ಪ ಅಪ್ರಿಯವಾದದ್ದನ್ನು ಹೇಳಬೇಕು. ಪಂದ್ಯದ ಹಿಂದಿನ ದಿನ ಮೈತೂಕದ ಕಿಲೋಗೆ 6 ಗ್ರಾಂ ಕಾರ್ಬೋಹೈಡ್ರೇಟ್ ಎಂದಿಟ್ಟರೆ 65 ಕಿಲೋ ಆಟಗಾರನಿಗೆ 390 ಗ್ರಾಂ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸಿಗುವುದು ಸುಮಾರು 35 ಗ್ರಾಂ. ರೊಟ್ಟಿಯೊಂದರಿಂದಲೇ ತುಂಬಿಸಬೇಕೆಂದರೆ ಹನ್ನೊಂದು ಬೇಕು. ಅಷ್ಟು ನಾರು ಹೊಟ್ಟೆಯಲ್ಲಿಟ್ಟುಕೊಂಡು ಓಡಲಾಗದು. ರೊಟ್ಟಿ ವಾರದ ಉಳಿದ ದಿನಗಳಿಗಿರಲಿ. ಆ ದಿನ ಅನ್ನ, ಬಾಳೆಹಣ್ಣು, ಬೆಲ್ಲ. ಪಂದ್ಯಕ್ಕೆ ಮೂರು ತಾಸು ಮುಂಚೆ 100 ಗ್ರಾಂ ಅವಲಕ್ಕಿ, ಎರಡು ಬಾಳೆಹಣ್ಣು ಸೇರಿದರೆ ಸುಮಾರು 125 ಗ್ರಾಂ ಕಾರ್ಬೋಹೈಡ್ರೇಟ್ ಆಯಿತು. ಅಮೀನಗಡದ ಕರದಂಟು ಪಂದ್ಯ ಗೆದ್ದ ಮೇಲೆ. ತುಪ್ಪ, ಒಣಹಣ್ಣು, ಕಾಯಿಬೀಜ ಅರಗಲು ಹೊತ್ತು ಹಿಡಿಯುತ್ತದೆ. ಪ್ರೋಟೀನ್ ವಿಷಯದಲ್ಲಿ ಹಿರಿಯ ಆಟಗಾರನಿಗೆ ರಿಯಾಯಿತಿಯಿಲ್ಲ. ಇಪ್ಪತ್ತೆರಡರವನ ಸ್ನಾಯು ಒಂದು ಊಟದಲ್ಲಿ ಕಿಲೋಗೆ 0.25 ಗ್ರಾಂಗೆ ಓಗೊಟ್ಟರೆ, ವಯಸ್ಸಾದಂತೆ ಅದು 0.4ರ ಹತ್ತಿರ ಕೇಳುತ್ತದೆ. 65 ಕಿಲೋಗೆ ಅದು 26 ಗ್ರಾಂ, ಅಂದರೆ ನಾಲ್ಕು ಮೊಟ್ಟೆ ಮತ್ತು ಒಂದು ಸಣ್ಣ ಬಟ್ಟಲು ಮೊಸರು. ಬೆವರಿನ ಲೆಕ್ಕ ಸುಲಭ: ಆಡುವ ಮುಂಚೆ, ಆಡಿದ ಮೇಲೆ ತೂಗಿ ನೋಡಿ, ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಉಪ್ಪು ಹಾಕಿದ ಮಜ್ಜಿಗೆಯೂ ಸೇರಿ, ಮುಂದಿನ ಕೆಲವು ತಾಸಿನಲ್ಲಿ ಕುಡಿಯಬೇಕು.

ಎಷ್ಟು ಕಾಯ್ದುಕೊಂಡರೂ ಒಂದಿಷ್ಟು ವೇಗ ಹೋಗಿಯೇ ಹೋಗುತ್ತದೆ. ಮೊದಲ 10 ಮೀಟರಿನಲ್ಲಿ 0.1 ಸೆಕೆಂಡ್ ತಡವಾದರೆ, ಅಷ್ಟೊತ್ತಿಗೆ ಸೆಕೆಂಡಿಗೆ 7 ಮೀಟರ್ ವೇಗವಿರುವುದರಿಂದ, ಹಿಂದೆ ಬೀಳುವುದು ಸುಮಾರು 70 ಸೆಂಟಿಮೀಟರ್. ಅರ್ಧ ಸೆಕೆಂಡ್ ಮುಂಚೆ ಹೊರಟವನು ಆ ನಷ್ಟವನ್ನು ತುಂಬಿ ಮೇಲೆ ಲಾಭ ಮಾಡಿಕೊಳ್ಳುತ್ತಾನೆ. ಹಳೆಯ ಸ್ಟ್ರೈಕರ್ ಚೆಂಡು ತನ್ನತ್ತ ಬರುವ ಮುನ್ನವೇ ಎರಡು-ಮೂರು ಸಲ ಕತ್ತು ತಿರುಗಿಸಿ ಡಿಫೆಂಡರ್ ಎಲ್ಲಿದ್ದಾನೆಂದು ನೋಡಿಕೊಂಡಿರುತ್ತಾನೆ. ಅವನ ಬೆನ್ನ ಹಿಂದೆ, ಚೆಂಡು ಮತ್ತು ತಾನು ಒಂದೇ ನೋಟಕ್ಕೆ ಸಿಗದ ಜಾಗದಲ್ಲಿ ನಿಲ್ಲುತ್ತಾನೆ. ಗೋಲಿನ ದೂರದ ಕಂಬದತ್ತ ಎರಡು ಹೆಜ್ಜೆ ಇಟ್ಟು, ಡಿಫೆಂಡರ್‌ನ ಸೊಂಟ ಆ ಕಡೆ ತಿರುಗಿದ ಕೂಡಲೇ ಹತ್ತಿರದ ಕಂಬಕ್ಕೆ ನುಗ್ಗುತ್ತಾನೆ. ಸೊಂಟ ಮರಳಿ ತಿರುಗಿಸಲು ಡಿಫೆಂಡರ್‌ಗೆ ಹಿಡಿಯುವ ಹೊತ್ತೇ ಇವನ ಬಂಡವಾಳ. ಐದಡಿ ಏಳಿಂಚಿನ ಛೆಟ್ರಿ ಅಷ್ಟೊಂದು ಹೆಡರ್ ಗೋಲು ಹೊಡೆದದ್ದರ ಹಿಂದೆ ಇಂಥದೇ ಲೆಕ್ಕಾಚಾರವಿದೆ.

ನಿಲ್ಲುವ ಜಾಗಕ್ಕೂ ಗಣಿತವಿದೆ. ಗೋಲಿನ ಅಗಲ 7.32 ಮೀಟರ್. ನೇರ ಎದುರಿಗೆ 22 ಮೀಟರ್ ದೂರದಿಂದ ಅದು ಸುಮಾರು 19 ಡಿಗ್ರಿ ತೆರೆದು ಕಾಣುತ್ತದೆ; 11 ಮೀಟರಿನ ಪೆನಾಲ್ಟಿ ಬಿಂದುವಿನಿಂದ 37. ಅದೇ 11 ಮೀಟರ್ ದೂರದಲ್ಲಿ ಹತ್ತು ಮೀಟರ್ ಪಕ್ಕಕ್ಕೆ ಸರಿದರೆ 21ಕ್ಕೆ ಇಳಿಯುತ್ತದೆ. ಪ್ರಾಯದಲ್ಲಿ ಅಂಚಿನಿಂದ ಓಡಿ ಬಂದು ದೂರದಿಂದ ಒದೆಯುತ್ತಿದ್ದ ಆಟಗಾರ ಮೂವತ್ತೈದರ ನಂತರ ಗೋಲಿನ ಮುಂದಿನ ಬಾಕ್ಸಿನ ನಡುವೆ ನೆಲೆಸುವುದು ಸೋಮಾರಿತನದಿಂದಲ್ಲ.

ಕೊನೆಯದು ಎಷ್ಟು ನಿಮಿಷ ಆಡಿಸಬೇಕೆಂಬುದು. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನ್‌ನ ರೋಜರ್ ಮಿಲ್ಲಾ 38ರ ವಯಸ್ಸಿನಲ್ಲಿ ಹೊಡೆದ ನಾಲ್ಕೂ ಗೋಲು ಬದಲಿ ಆಟಗಾರನಾಗಿ ಇಳಿದಾಗ ಬಂದವು. 1994ರಲ್ಲಿ ರಷ್ಯಾ ಎದುರು ಗೋಲು ಹೊಡೆದಾಗ 42. ಎದುರಾಳಿ ಡಿಫೆಂಡರ್‌ಗಳ ವೇಗ ದಣಿವಿನಿಂದ ಇಳಿದಿರುವ ಕೊನೆಯ ಅರ್ಧ ತಾಸು ಹಿರಿಯ ಸ್ಟ್ರೈಕರ್‌ಗೆ ಹೇಳಿಮಾಡಿಸಿದ್ದು. ಐದು ಬದಲಿ ಆಟಗಾರರಿಗೆ ಅವಕಾಶವಿರುವ ಈಗಿನ ನಿಯಮದಲ್ಲಿ ಕೋಚ್‌ಗಳು ಇದನ್ನು ಇನ್ನೂ ಧಾರಾಳವಾಗಿ ಬಳಸಬಹುದು. ಜಿಲ್ಲಾ ಮಟ್ಟದಲ್ಲಿ ಇಲ್ಲೊಂದು ಎಡವಟ್ಟಾಗುತ್ತದೆ: ಒಂದು ತಾಸು ಕುರ್ಚಿಯಲ್ಲಿ ಕೂತಿದ್ದವನನ್ನು ಕೂಗಿ ಕರೆದು, ಜೆರ್ಸಿ ಹಾಕಿಸಿ, ಹಾಗೇ ಒಳಗೆ ಕಳಿಸುತ್ತಾರೆ. ಅಷ್ಟರಲ್ಲಿ ಅವನ ಸ್ನಾಯು ತಣ್ಣಗಾಗಿರುತ್ತದೆ. ಚಳಿಗಾಲದ ಬೆಳಗಾವಿಯಲ್ಲಂತೂ ಹೇಳುವುದೇ ಬೇಡ. ಇಳಿಸುವ ಹತ್ತು ನಿಮಿಷ ಮೊದಲೇ ಸೂಚನೆ ಕೊಡಬೇಕು. ಐದು ನಿಮಿಷ ಹಗುರ ಓಟ, ಕಾಲು ಬೀಸು, ಆಮೇಲೆ ಗೋಲಿನ ಹಿಂದಿನ ಜಾಗದಲ್ಲಿ 20-30 ಮೀಟರಿನ ಮೂರು ಓಟ, ಕೊನೆಯದು ಪೂರ್ಣ ವೇಗಕ್ಕೆ ತೀರ ಹತ್ತಿರ. ಅದಾದ ಮೇಲೆಯೇ ರೆಫರಿಗೆ ಚೀಟಿ.