ಎಷ್ಟರಲ್ಲಿ ಎಷ್ಟು? ‘ಸೂಚಕ’ ಎಂಬ ಪದದ ಪರಿಚಯ

ಅಂಗನವಾಡಿಯಲ್ಲಿ ಒಬ್ಬ ಪುಟ್ಟ ಹುಡುಗಿಯ ಎತ್ತರ ಅಳೆಯುತ್ತಿದ್ದಾರೆ. ಅವಳಿಗೆ ಇವತ್ತಿಗೆ ಮೂರು ವರ್ಷ ತುಂಬಿದೆ. ನೆತ್ತಿಯ ಮೇಲೆ ಅಮ್ಮ ಬೆಳಗ್ಗೆ ಬಿಗಿಯಾಗಿ ಕಟ್ಟಿದ ಜುಟ್ಟು. ಟೀಚರ್ ಮೊದಲು ಆ ಜುಟ್ಟು ಬಿಚ್ಚುತ್ತಾರೆ. ಹುಡುಗಿ ಅಳೋಕೆ ಶುರು. ಹಿಮ್ಮಡಿ ಹಿಂದಕ್ಕೆ ತಾಗಿಸಿ, ಮಂಡಿ ನೇರ ಮಾಡಿಸಿ, ಮೇಲಿನ ಪಟ್ಟಿಯನ್ನು ತಲೆಗೆ ತಾಗುವವರೆಗೆ ಇಳಿಸಿ ನೋಡಿದರೆ 86 ಸೆಂಟಿಮೀಟರ್.

ಜುಟ್ಟು ಬಿಚ್ಚದೇ ಅಳೆದಿದ್ದರೆ 88 ಬರುತ್ತಿತ್ತು ಅಂತಿಟ್ಟುಕೊಳ್ಳಿ. ಎರಡೇ ಸೆಂಟಿಮೀಟರ್, ಏನು ಮಹಾ? ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಮೂರು ವರ್ಷದ ಹುಡುಗಿಗೆ ಗೆರೆ ಇರುವುದು 87.4ರಲ್ಲಿ. ಅದಕ್ಕಿಂತ ಕೆಳಗಿದ್ದರೆ ‘ಕುಂಠಿತ ಬೆಳವಣಿಗೆ’. ಜುಟ್ಟು ಇದ್ದರೆ ಆ ಹುಡುಗಿ ಗೆರೆಯ ಮೇಲೆ, ಬಿಚ್ಚಿದರೆ ಕೆಳಗೆ. ಪೇಪರಿನಲ್ಲಿ ನಾವು ಓದುವ ‘ಶೇಕಡಾ ಇಷ್ಟು ಮಕ್ಕಳು’ ಅನ್ನುವ ಸಾಲುಗಳೆಲ್ಲ ಹುಟ್ಟುವುದು ಇಂಥ ಕಡೆಯೇ.

86 ಅನ್ನುವುದು ಬರೀ ಮಾಹಿತಿ. ಅದು ಸೂಚಕ ಆಗಬೇಕಾದರೆ ಮೂರು ಕೆಲಸ ಆಗಬೇಕು. ಎಲ್ಲರೂ ಒಪ್ಪಿದ ಒಂದು ಗೆರೆ ಬೇಕು. ಗೆರೆಯ ಕೆಳಗೆ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಬೇಕು. ಆಮೇಲೆ ಅಳೆದ ಒಟ್ಟು ಮಕ್ಕಳ ಸಂಖ್ಯೆಯಿಂದ ಅದನ್ನು ಭಾಗಿಸಬೇಕು. ‘ಸೂಚಿಸು’ ಅಂದರೆ ತೋರಿಸು ಅಂತ ತಾನೆ? ಸೂಚಕವೂ ಬೆರಳು ಮಾಡಿ ತೋರಿಸುತ್ತದೆ, ಅಷ್ಟೇ. ‘ಈ ಕಡೆ ಏನೋ ಸರಿ ಇಲ್ಲ, ಬಂದು ನೋಡಿ’ ಅನ್ನುತ್ತದೆ. ಯಾಕೆ ಸರಿ ಇಲ್ಲ ಅಂತ ಹೇಳುವುದಿಲ್ಲ.

ಸೂಚಕಕ್ಕೂ ಸೂಚ್ಯಂಕಕ್ಕೂ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಹಲವು ಸೂಚಕಗಳನ್ನು ಸೇರಿಸಿ ಒಂದೇ ಅಂಕಿ ಮಾಡಿದರೆ ಅದು ಸೂಚ್ಯಂಕ. ನಮ್ಮಲ್ಲಿ ಇದರ ದೊಡ್ಡ ಉದಾಹರಣೆ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. 35 ಸೂಚಕಗಳನ್ನು ಸೇರಿಸಿ, ಆಗಿದ್ದ 175 ತಾಲ್ಲೂಕುಗಳಿಗೂ ಒಂದೊಂದು ಸೂಚ್ಯಂಕ ಕೊಟ್ಟು, 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ಅದು ಹೇಳಿತು. ದುಡ್ಡು ಹಂಚೋಕೆ ಸೂಚ್ಯಂಕ ಒಳ್ಳೆಯದು. ಊರಲ್ಲಿ ಕೂತು ನಾಳೆ ಏನು ಮಾಡಬೇಕು ಅಂತ ಯೋಚಿಸುವವರಿಗೆ ಬಿಡಿ ಸೂಚಕಗಳೇ ಬೇಕು.

ಎತ್ತರದ ಗೆರೆಯ ಬಗ್ಗೆ ಒಂದು ತಕರಾರು ಯಾವಾಗಲೂ ಇರುತ್ತದೆ: ‘ನಮ್ಮ ಕಡೆ ಜನ ಇರೋದೇ ಗಿಡ್ಡ, ಫಾರಿನ್ನಿನ ಅಳತೆ ನಮಗ್ಯಾಕೆ?’ ಆ ಮಾನದಂಡ ಬಂದಿದ್ದು 2006ರಲ್ಲಿ. ಅದಕ್ಕಾಗಿ ಅಳೆದದ್ದು ಆರು ದೇಶಗಳ ಮಕ್ಕಳನ್ನು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಚೆನ್ನಾಗಿ ಉಂಡು, ಆರೋಗ್ಯವಾಗಿ ಬೆಳೆಯುವ ಮಕ್ಕಳಲ್ಲೂ ನೂರಕ್ಕೆ ಇಬ್ಬರು ಮೂವರು ಆ ಗೆರೆಯ ಕೆಳಗೇ ಇರುತ್ತಾರೆ. ಅವರು ಹುಟ್ಟಾ ಗಿಡ್ಡ. ಹಾಗಾಗಿ ಒಂದು ಮಗು ಕೆಳಗಿದ್ದರೆ ಅದೊಂದರಿಂದಲೇ ಏನೂ ಹೇಳೋಕಾಗಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕೆಳಗಿದ್ದರು. ಇದನ್ನು ಮನೆತನದ ಗುಣ ಅಂತ ತಳ್ಳಿಹಾಕೋಕಾಗಲ್ಲ, ಅಲ್ವಾ?

ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ 36.2 ಇತ್ತು. ನಾಲ್ಕೈದು ವರ್ಷದಲ್ಲಿ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಆದರೆ ಎತ್ತರಕ್ಕೆ ತಕ್ಕ ತೂಕ ಇಲ್ಲದೆ ಸೊರಗಿದ ಮಕ್ಕಳ ಪ್ರಮಾಣ ಇದೇ ಅವಧಿಯಲ್ಲಿ 26.1ರಿಂದ 19.5ಕ್ಕೆ ಇಳಿಯಿತು. ಒಂದೇ ರಾಜ್ಯ, ಎರಡು ಸೂಚಕ, ಎರಡು ಕಥೆ. ಯಾಕೆಂದರೆ ಸೊರಗುವುದು ಈಚಿನ ದಿನಗಳ ವಿಷಯ: ಹೋದ ತಿಂಗಳು ವಾಂತಿಭೇದಿ ಆಯಿತು, ಊಟ ಸೇರಲಿಲ್ಲ, ತೂಕ ಇಳಿಯಿತು. ಎತ್ತರ ಹಾಗಲ್ಲ. ಅದು ಮಗು ಹೊಟ್ಟೆಯಲ್ಲಿದ್ದಾಗಿನಿಂದ ಬರೆದಿಟ್ಟ ಲೆಕ್ಕ. ತಾಯಿ ಏನು ಉಂಡಳು, ಅವಳಿಗೆ ಆಗ ವಯಸ್ಸೆಷ್ಟು, ಮನೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲ ಅದರಲ್ಲಿದೆ. ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನೂ ಜೊತೆಗಿಟ್ಟು ಓದಿ: ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮಕ್ಕಳ ಎತ್ತರದ ಲೆಕ್ಕ ಕೊನೆಗೆ ಮನೆಯ ಲೆಕ್ಕವೇ.

ಈಗ ಭಾಗಿಸುವ ವಿಷಯಕ್ಕೆ ಬರೋಣ. ನನ್ನ ಪ್ರಕಾರ ತಪ್ಪು ಜಾಸ್ತಿ ಆಗುವುದು ಇಲ್ಲೇ. ಯಾರಾದರೂ ಶೇಕಡಾ ಇಷ್ಟು ಅಂದ ತಕ್ಷಣ ‘ಎಷ್ಟರಲ್ಲಿ?’ ಅಂತ ಕೇಳುವ ಅಭ್ಯಾಸ ನಮಗಿಲ್ಲ. ಶಾಲೆಯಲ್ಲಿ ಕಲಿತ ಅಂಶ, ಛೇದ ನೆನಪಿದೆಯಾ? ಭಿನ್ನರಾಶಿಯ ಗೆರೆಯ ಮೇಲಿರುವ ಅಂಶಕ್ಕೆ ಎಲ್ಲರೂ ಗಾಬರಿಯಾಗುತ್ತಾರೆ, ಕೆಳಗಿರುವ ಛೇದವನ್ನು ಯಾರೂ ಮಾತಾಡಿಸುವುದಿಲ್ಲ.

ದೇಶದ ಮಟ್ಟದ್ದೇ ಒಂದು ಉದಾಹರಣೆ. ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸೊರಗಿದ ಮಕ್ಕಳು ಶೇ 19.3. ಅಂಗನವಾಡಿಗಳ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನ 2024ರ ಜೂನ್ ಲೆಕ್ಕದಲ್ಲಿ ಅದು 5ರ ಆಸುಪಾಸು. ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಜಗಳಕ್ಕೆ ಇಳಿಯುವ ಮೊದಲು ಛೇದ ನೋಡಿ. ಸಮೀಕ್ಷೆಯವರು ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸಿ, ಆ ಮನೆಗಳ ಮಕ್ಕಳನ್ನು ಅಳೆಯುತ್ತಾರೆ. ಅಂಗನವಾಡಿಗೆ ಹೋಗದ ಮಕ್ಕಳೂ ಅದರಲ್ಲಿರುತ್ತಾರೆ. ಟ್ರ್ಯಾಕರ್‌ನಲ್ಲಿ ಇರುವುದು ಅಂಗನವಾಡಿಯಲ್ಲಿ ಹೆಸರಿದ್ದು, ಅಳತೆಯೂ ಆದ ಮಕ್ಕಳು ಮಾತ್ರ. ಅಳೆಯುವ ಕೈ ಬೇರೆ, ಕಾಲವೂ ಬೇರೆ. ಪೂರ್ತಿ ವ್ಯತ್ಯಾಸಕ್ಕೆ ಇದಿಷ್ಟೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕೋಕಾಗಲ್ಲ ಅನ್ನುವುದಂತೂ ಖಂಡಿತ.

ಜಿಲ್ಲೆಯ ಅಂಕಿಯನ್ನು ಊರಿಗೆ ಅಂಟಿಸುವುದು ಇನ್ನೊಂದು ತಪ್ಪು. ಸಮೀಕ್ಷೆ ಪ್ರತಿ ಜಿಲ್ಲೆಗೂ ಒಂದು ಮಾಹಿತಿ ಹಾಳೆ ಹೊರಡಿಸುತ್ತದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಅದು ನಿಂತಿರುವುದು ಜಿಲ್ಲೆಯ ಕೆಲವು ನೂರು ಮನೆಗಳ ಮೇಲೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಅದು ನಡೆಯುವುದು ಪಾತ್ರೆ ಪೂರ್ತಿ ಒಂದೇ ಹದದಲ್ಲಿ ಬೆಂದಿದ್ದರೆ. ಜಿಲ್ಲೆ ಅಂಥ ಪಾತ್ರೆಯಲ್ಲ. ತಳ ಸೀದು ಮೇಲೆ ಅಕ್ಕಿ ಅಕ್ಕಿಯಾಗಿರುವ ಪಾತ್ರೆ ಅದು. ನಿಮ್ಮ ಊರು ಅದರಲ್ಲಿ ಎಲ್ಲಿದೆ ಅಂತ ಆ ಹಾಳೆ ಹೇಳಲ್ಲ. ಅದನ್ನು ಹೇಳುವುದು ಊರಿನ ಅಂಗನವಾಡಿಯ ರಿಜಿಸ್ಟರು.

ಒಂದು ಪಂಚಾಯ್ತಿಯನ್ನು ಕಲ್ಪಿಸಿಕೊಳ್ಳಿ. ಊರೊಳಗಿನ ಅಂಗನವಾಡಿಯಲ್ಲಿ 60 ಮಕ್ಕಳು, ಕುಂಠಿತರಾದವರು 15. ಆಚೆ ತಾಂಡಾದ ಅಂಗನವಾಡಿಯಲ್ಲಿ 12 ಮಕ್ಕಳು, ಕುಂಠಿತರು 6. ಎರಡೂ ಸೇರಿಸಿದರೆ 72ಕ್ಕೆ 21, ಶೇ 29. ವರದಿಗೆ ಹೋಗುವುದು ಈ 29. ತಾಂಡಾದ ಶೇ 50 ಅದರೊಳಗೆ ಕರಗಿಹೋಯಿತು. ಮೊಟ್ಟೆ ಎಷ್ಟು ತರಿಸಬೇಕು ಅಂತ ಲೆಕ್ಕ ಹಾಕುವವರಿಗೆ 15 ಮತ್ತು 6 ಮುಖ್ಯ. ಮೊದಲು ಎಲ್ಲಿಗೆ ಹೋಗಿ ನೋಡಬೇಕು ಅನ್ನುವವರಿಗೆ 25 ಮತ್ತು 50 ಮುಖ್ಯ. ತಲೆ ಎಣಿಕೆ, ಶೇಕಡಾವಾರು ಎರಡೂ ಬೇಕು, ಒಂದನ್ನು ಇನ್ನೊಂದರ ಜಾಗದಲ್ಲಿ ಇಡಬಾರದು.

ಈಗ ಸುಗ್ಗಿ ಮುಗಿಯಿತು. ತಾಂಡಾದ ಎರಡು ಕುಟುಂಬ ಗುಳೆ ಹೋದವು, ಕುಂಠಿತರಾದ ಇಬ್ಬರು ಮಕ್ಕಳನ್ನೂ ಕರೆದುಕೊಂಡು. ಈ ತಿಂಗಳ ಲೆಕ್ಕ 10ಕ್ಕೆ 4, ಶೇ 40. ಹೋದ ತಿಂಗಳು 50 ಇತ್ತು. ‘ಪ್ರಗತಿ’ ಆಯಿತು! ಒಂದು ಮಗುವೂ ಒಂದು ಸೆಂಟಿಮೀಟರ್ ಬೆಳೆದಿಲ್ಲ, ಆದರೂ ಗ್ರಾಫು ಇಳಿಯಿತು. ಆ ಇಬ್ಬರು ಮಕ್ಕಳು ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ಶೆಡ್ಡಿನಲ್ಲಿದ್ದಾರೆ. ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಸದಿದ್ದರೆ ಅಲ್ಲಿನ ಛೇದದಲ್ಲೂ ಅವರಿಲ್ಲ.

ಪಂಚಾಯ್ತಿಗಳು ಪ್ರತಿ ವರ್ಷ ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತ ಅಭಿವೃದ್ಧಿ ಯೋಜನೆ ಮಾಡಬೇಕು. ಅದಕ್ಕೆ ಕೊಟ್ಟಿರುವ ಒಂಬತ್ತು ವಿಷಯಗಳಲ್ಲಿ ಮಕ್ಕಳ ಸ್ನೇಹಿ ಗ್ರಾಮವೂ ಒಂದು. ಆದರೂ ಯೋಜನೆ ಅಂದರೆ ಸಿಸಿ ರಸ್ತೆ, ಚರಂಡಿ ಅನ್ನುವ ರೂಢಿ ನಮ್ಮದು. ಹಾಗಂತ ಚರಂಡಿಯನ್ನು ಹಗುರ ಮಾಡಬೇಡಿ. ತಾಂಡಾದ ಮಕ್ಕಳಿಗೆ ಮತ್ತೆ ಮತ್ತೆ ಭೇದಿ ಆಗುತ್ತಿದ್ದರೆ ಅಲ್ಲಿನ ಚರಂಡಿಯೇ ಪೌಷ್ಟಿಕತೆಯ ಕೆಲಸ. ಕಾರಣ ಅದಲ್ಲ, ತಾಯಂದಿರು ಕೂಲಿಗೆ ಹೋದಾಗ ಮಧ್ಯಾಹ್ನ ಮಗುವಿಗೆ ಉಣ್ಣಿಸುವವರೇ ಇಲ್ಲ ಅಂತಾದರೆ ಬೇಕಾದದ್ದು ‘ಕೂಸಿನ ಮನೆ’. ನರೇಗಾ ಕೂಲಿಯ ತಾಯಂದಿರಿಗೆಂದೇ ರಾಜ್ಯದಲ್ಲಿ 2023ರಲ್ಲಿ ಶುರುವಾದ ಶಿಶುಪಾಲನಾ ಕೇಂದ್ರ ಅದು. ಯಾವುದು ಬೇಕು ಅಂತ ಶೇ 50 ಹೇಳಲ್ಲ. ತಾಂಡಾಕ್ಕೆ ಹೋಗಿ ಕೇಳಬೇಕು. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಎಷ್ಟೋ ಸಲ ಉತ್ತರ ಮೊದಲೇ ಗೊತ್ತಿರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ದೊಡ್ಡ ಮಕ್ಕಳನ್ನು ಕೇಳಿದರೂ ಸಿಗುತ್ತದೆ. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವವರು ಅವರೇ ತಾನೆ.

ಊರಿನ ಗ್ರಾಮಸಭೆಯಲ್ಲಿ ಅಂಕಿ ಓದುವಾಗ ಒಂದು ಎಚ್ಚರ. 60ರಲ್ಲಿ 15 ಅಂದರೆ ಯಾರ ಮಗು ಅಂತ ತಿಳಿಯಲ್ಲ. 12ರಲ್ಲಿ 6 ಅಂದರೆ ತಾಂಡಾದವರಿಗೆಲ್ಲ ಆ ಆರು ಮನೆ ಯಾವುವು ಅಂತ ಹೊಳೆದುಬಿಡುತ್ತದೆ. ಆ ತಾಯಂದಿರು ಅಲ್ಲೇ ಹಿಂದೆ ಕೂತಿರುತ್ತಾರೆ. ಅದಕ್ಕೇ ಮೈಕಿನಲ್ಲಿ ‘ತಾಂಡಾದ ಅಂಗನವಾಡಿಗೆ ಇಂಥದ್ದು ಬೇಕು’ ಅಂತ ಮಾತ್ರ ಓದಿ. ಆರು ಅನ್ನುವ ಸಂಖ್ಯೆ ಟೀಚರ್ ಹತ್ತಿರ, ರಿಜಿಸ್ಟರಿನಲ್ಲೇ ಇರಲಿ.