ಸುಳಿ ನೋಡಿ ಕೊಂಡ ಹೋರಿ, ಕಾಣದೇ ಉಳಿದ ದೋಷ

ಬೀದರ್, ಕಲಬುರಗಿ ಕಡೆ ದನದ ಸಂತೆಯಲ್ಲಿ ದೇವಣಿ ತಳಿಯ ಹೋರಿ ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಮೈಮೇಲಿನ ಕೂದಲ ಸುಳಿ. ಸುಳಿ ಕೆಟ್ಟ ಜಾಗದಲ್ಲಿದ್ದರೆ ಮುಗೀತು, ಹೋರಿ ಎಷ್ಟೇ ಗಟ್ಟಿಯಾಗಿದ್ದರೂ ಟವೆಲ್ ಕೆಳಗೆ ಬೆರಳು ಹಿಡಿದು ದಲಾಲಿ ರೇಟು ಇಳಿಸುತ್ತಾನೆ. ಸುಳಿಯಿಂದ ಕರುವಿಗೆ ಏನೂ ಆಗುವುದಿಲ್ಲ. ಕರುವನ್ನು ಕೊಲ್ಲುವ ದೋಷ ಇರುವುದು ವಂಶವಾಹಿಯಲ್ಲಿ. ಅದು ಹೋರಿಯ ಮೈಮೇಲೆ ಕಾಣುವುದಿಲ್ಲ, ಸಂತೆಯಲ್ಲಿ ಅದನ್ನು ಕೇಳುವವರೂ ಇಲ್ಲ.

ಲೆಕ್ಕ ಕಷ್ಟವೇನಲ್ಲ. ಇಂಥ ಬಹುತೇಕ ದೋಷ ಕರುವಿಗೆ ತಟ್ಟಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಬರಬೇಕು. ಒಂದೇ ಕಡೆಯಿಂದ ಬಂದರೆ ಹೋರಿ ಚೆನ್ನಾಗಿಯೇ ಬೆಳೆಯುತ್ತದೆ. ಅಂಥ ಹೋರಿಗೆ ಅಂಥದೇ ಹಸು ಕೂಡಿದರೆ ಸರಾಸರಿ ನಾಲ್ಕು ಕರುಗಳಲ್ಲಿ ಒಂದು ಹೋಯಿತು. ದೋಷವಿಲ್ಲದ ಹಸುವಾದರೆ ಒಂದಕ್ಕೂ ತೊಂದರೆ ಇಲ್ಲ, ಅರ್ಧದಷ್ಟು ಕರುಗಳು ದೋಷವನ್ನು ಸುಮ್ನೆ ಹೊತ್ತುಕೊಂಡು ಮುಂದಿನ ಪೀಳಿಗೆಗೆ ದಾಟಿಸುತ್ತವೆ ಅಷ್ಟೇ.

ಇದು ಬೆಲೆಯನ್ನೇ ಅಲ್ಲಾಡಿಸುತ್ತದೆ ಅಂತ ಜೋರಾಗಿ ಗೊತ್ತಾದದ್ದು ಅಮೆರಿಕದಲ್ಲಿ, 1940-50ರ ದಶಕಗಳಲ್ಲಿ, ಹೆರೆಫರ್ಡ್ ಎಂಬ ಮಾಂಸದ ತಳಿಯಲ್ಲಿ. ಆಗ ಗಿಡ್ಡ ಕಾಲು, ತುಂಬಿದ ಮೈಯ ಹೋರಿಗೇ ಪ್ರದರ್ಶನದಲ್ಲಿ ಬಹುಮಾನ. ಕುಬ್ಜತನದ ದೋಷ ಹೊತ್ತ ಹೋರಿಗಳು ಇಂಥ ಮೈಕಟ್ಟಿಗೆ ಹತ್ತಿರವಿದ್ದವು ಅನ್ನುತ್ತಾರೆ, ಅಂದರೆ ಬಹುಮಾನ ಕೊಟ್ಟವರೇ ದೋಷವನ್ನೂ ಸಾಕಿದರು! ಏದುಸಿರು ಬಿಡುವ ಕುಬ್ಜ ಕರುಗಳು ಜಾಸ್ತಿಯಾದಾಗ ಯಾವ ಹೋರಿಯಲ್ಲಿ ದೋಷವಿದೆ ಅಂತ ಹೇಳುವ ರಕ್ತಪರೀಕ್ಷೆ ಇರಲಿಲ್ಲ. ಹಾಗಾಗಿ ಇಡೀ ವಂಶದ ಬೆಲೆಯೇ ಬಿತ್ತು, ತಪ್ಪಿಲ್ಲದ ಹೋರಿಗಳದ್ದೂ ಸೇರಿ.

2008ರಲ್ಲಿ ಆಂಗಸ್ ಎಂಬ ಇನ್ನೊಂದು ಮಾಂಸದ ತಳಿಗೂ ಇದೇ ಗತಿ ಬಂತು. ಕೈಕಾಲು, ಬೆನ್ನು ಸೊಟ್ಟಗಾಗಿ ಸತ್ತ ಕರುಗಳು ಹುಟ್ಟಿದವು, ಜಾಡು ಹಿಡಿದು ಹೋದರೆ ಸಿಕ್ಕಿದ್ದು ಪ್ರಿಸಿಷನ್ 1680 ಎಂಬ ಬಹಳ ಬೇಡಿಕೆಯ ಹೋರಿಯ ವಂಶ. ಆದರೆ ಈ ಸಲ ಕೆಲವೇ ತಿಂಗಳಲ್ಲಿ ಡಿಎನ್ಎ ಪರೀಕ್ಷೆ ಸಿದ್ಧವಾಯಿತು. ಒಂದೇ ಹೋರಿಯ ಮಕ್ಕಳಲ್ಲಿ ದೋಷ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡಬಹುದಾಯಿತು. ಪರೀಕ್ಷೆ ಬಂದರೆ ಬೆಲೆ ಹಾಳಾಗುತ್ತದೆ ಅಂತ ಹೆದರುವವರು ಇದನ್ನು ನೋಡಬೇಕು. ಬೆಲೆ ಉಳಿಸಿದ್ದೇ ಪರೀಕ್ಷೆ.

ಹಾಲಿನ ತಳಿಯ ಕಥೆ ಇನ್ನೂ ವಿಚಿತ್ರ. 1962ರಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣು ಮಕ್ಕಳು. ಅದರ ಒಂದು ದೋಷದಿಂದ ಜಗತ್ತಿನಾದ್ಯಂತ ಸುಮಾರು 5 ಲಕ್ಷ ಗಬ್ಬ ಹೋದವು, ನಷ್ಟ 42 ಕೋಟಿ ಡಾಲರ್ ಅಂತ 2016ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಅದೇ ಚೀಫ್ ವಂಶದಿಂದ ಹೆಚ್ಚಿದ ಹಾಲಿನ ಬೆಲೆ 3,000 ಕೋಟಿ ಡಾಲರ್! ದೋಷ ಇದೆ ಅಂತ ಆ ಹೋರಿಯನ್ನು ಮೊದಲೇ ಕಡಿದಿದ್ದರೆ ನಷ್ಟವೇ ಜಾಸ್ತಿ ಆಗುತ್ತಿತ್ತು, ಅಲ್ವಾ? ಈ ಗಬ್ಬ ಹೋಗುವುದು ಎಷ್ಟೋ ಸಲ ಕಣ್ಣಿಗೂ ಬೀಳುವುದಿಲ್ಲ. ಹಸು ಮತ್ತೆ ಬೆದೆಗೆ ಬರುತ್ತದೆ, ನಾವು ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿದವನನ್ನು ಬೈಯುತ್ತೇವೆ.

ನಮ್ಮಲ್ಲಿ ವೀರ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರದ ನಿಯಮ ಇದೆ. ಎಚ್ಎಫ್ (ಅದೇ ಹೋಲ್‌ಸ್ಟೀನ್) ಮತ್ತು ಅದರ ಮಿಶ್ರತಳಿ ಹೋರಿಗಳಿಗೆ ಬಿಎಲ್ಎಡಿ (ಕರುವಿಗೆ ಸೋಂಕು ತಡೆಯುವ ಶಕ್ತಿ ಇಲ್ಲದಂತೆ ಮಾಡುವ ದೋಷ), ಸಿಟ್ರುಲಿನೀಮಿಯಾದಂಥ (ರಕ್ತದಲ್ಲಿ ಅಮೋನಿಯಾ ಏರಿ ಕರು ಸಾಯುವ ದೋಷ) ದೋಷಗಳ ಪರೀಕ್ಷೆ ಮಾಡಿಸಬೇಕು. ಊರಲ್ಲಿ ಬಿಟ್ಟ ದೇವಣಿ ಹೋರಿಗೆ ಅಂಥದ್ದು ಯಾವುದೂ ಇಲ್ಲ. ನನಗೆ ಚಿಂತೆ ಇರುವುದು ಅಲ್ಲೇ. ಒಂದೇ ಹೋರಿ ವರ್ಷಗಟ್ಟಲೆ ಊರಲ್ಲಿದ್ದರೆ ತನ್ನ ಮಗಳಿಗೇ ಹಾರುತ್ತದೆ, ಅಡಗಿದ ದೋಷ ಎರಡೂ ಕಡೆಯಿಂದ ಕೂಡುವುದು ಹೀಗೇ. ಎರಡು ಮೂರು ವರ್ಷಕ್ಕೆ ಪಕ್ಕದ ಊರಿನ ಜತೆ ಹೋರಿ ಅದಲುಬದಲು ಮಾಡಿಕೊಳ್ಳಲು ಖರ್ಚೇನೂ ಇಲ್ಲ. ಇಂಜೆಕ್ಷನ್ ಹಾಕಿಸುವವರು ವೀರ್ಯದ ಕಡ್ಡಿಯ ಮೇಲಿನ ಹೋರಿ ನಂಬರನ್ನು ಹಸುವಿನ ಕಿವಿಯೋಲೆಯ 12 ಅಂಕಿಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕರು ಮಾರುವಾಗ ಅದನ್ನೂ ತೋರಿಸಿ, ಕೊಳ್ಳುವವನು ಸುಳಿ ಬೇಕಾದರೆ ಆಮೇಲೆ ನೋಡಿಕೊಳ್ಳಲಿ.